ಕರೆಂಟ್ ಕಾರಲ್ಲಿ ಮರಳುಗಾಡಿಗೆ: ಪ್ಲಾನ್ ಇಲ್ಲದೆ ಹೊರಡಬಹುದಾ?

ಪ್ರಶ್ನೆ: ನಾನು ಸಿಂಧನೂರಿನವನು. ಹೋದ ವರ್ಷ 45 ಯೂನಿಟ್ ಬ್ಯಾಟರಿಯ ಎಲೆಕ್ಟ್ರಿಕ್ ಕಾರು ತಗೊಂಡೆ. ನಾವು ನಾಲ್ವರು ಗೆಳೆಯರು ಜೈಸಲ್ಮೇರ್ ಕಡೆ ಹೋಗಬೇಕು ಅಂತಿದ್ದೇವೆ. ಮೊದಲೆಲ್ಲ ಡೀಸೆಲ್ ಗಾಡಿಯಲ್ಲಿ ಹೋಗುತ್ತಿದ್ದ ಹಾಗೆಯೇ, ಬುಕಿಂಗ್ ಇಲ್ಲ, ರೂಟ್ ಇಲ್ಲ, ಮನಸ್ಸು ಬಂದ ಕಡೆ ತಿರುಗಿಸೋದು. ಎಲೆಕ್ಟ್ರಿಕ್ ಕಾರಲ್ಲಿ ಇದು ಆಗುತ್ತಾ? ಅಲ್ಲಿನ ಬಿಸಿಲಿಗೆ ಬ್ಯಾಟರಿ ಸಿಡಿಯುತ್ತೆ ಅಂತ ಅಪ್ಪ ಹೆದರುತ್ತಿದ್ದಾರೆ. ಡಿಕ್ಕಿಯಲ್ಲಿ ಒಂದು ಸಣ್ಣ ಜನರೇಟರ್ ಇಟ್ಟುಕೊಂಡರೆ ಹೇಗೆ?

ಉತ್ತರ: ಆಗುತ್ತೆ. ಎಲ್ಲಿ ಊಟ, ಎಲ್ಲಿ ನಿದ್ದೆ, ಯಾವ ಕೋಟೆ, ಯಾವ ಹಳ್ಳಿ, ಇದನ್ನೆಲ್ಲ ಆ ಹೊತ್ತಿಗೆ ತೀರ್ಮಾನ ಮಾಡಿ, ತೊಂದರೆ ಇಲ್ಲ. ಕರೆಂಟಿನ ಲೆಕ್ಕ ಒಂದನ್ನು ಮಾತ್ರ ಹಿಂದಿನ ರಾತ್ರಿಯೇ ಮಾಡಿ ಮಲಗಬೇಕು. ಡೀಸೆಲ್ ಖಾಲಿಯಾದರೆ ಯಾರದೋ ಬೈಕ್ ಹತ್ತಿ ಹೋಗಿ ಕ್ಯಾನಲ್ಲಿ ತಂದು ಸುರಿಯಬಹುದಿತ್ತು. ಇಲ್ಲಿ ಆ ದಾರಿ ಇಲ್ಲ.

ಮೊದಲು ಅಪ್ಪನವರ ಭಯ ನೋಡೋಣ. ಅವರು ಬಹುಶಃ 2022ರಲ್ಲಿ ಎಲ್ಲರ ಮೊಬೈಲಿಗೂ ಬಂದಿದ್ದ ಆ ಸ್ಕೂಟರ್ ವಿಡಿಯೋಗಳನ್ನು ನೋಡಿರುತ್ತಾರೆ. ಆ ವರ್ಷ ದೇಶದಲ್ಲಿ ಹಲವು ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದದ್ದು ನಿಜ. ಅದಾದ ಮೇಲೆಯೇ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಸರ್ಕಾರ ಬಿಗಿ ಮಾಡಿತು. ಆದರೆ ಸ್ಕೂಟರಿನ ಬ್ಯಾಟರಿ ಬೇರೆ, ನಿಮ್ಮ ಕಾರಿನದು ಬೇರೆ. ಸ್ಕೂಟರಿನದು ಹೆಚ್ಚಾಗಿ ಗಾಳಿಗೇ ತಣ್ಣಗಾಗಬೇಕು. ಈಗಿನ ಕಾರುಗಳಲ್ಲಿ ಹೆಚ್ಚಿನವುಗಳ ಬ್ಯಾಟರಿ ಸುತ್ತ ಕೂಲೆಂಟ್ ಓಡಾಡುತ್ತದೆ, ಬಿಸಿ ಜಾಸ್ತಿಯಾದರೆ ಎ.ಸಿ.ಯ ತಂಪನ್ನೇ ಅಲ್ಲಿಗೆ ತಿರುಗಿಸುವ ವ್ಯವಸ್ಥೆ ಇರುತ್ತದೆ.

ಇನ್ನು ಬಿಸಿಲು. ನಮ್ಮ ದೇಶದಲ್ಲಿ ದಾಖಲಾದ ಅತಿ ಹೆಚ್ಚು ತಾಪಮಾನ 51 ಡಿಗ್ರಿ. 2016ರ ಮೇ 19ರಂದು, ರಾಜಸ್ಥಾನದ ಫಲೋಡಿಯಲ್ಲಿ. ನೀವು ಹೋಗುವ ಸೀಮೆಯ ಊರೇ ಅದು. ಆದರೆ ಬ್ಯಾಟರಿಯ ಸೆಲ್ ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತಾ ಹೋಗಿ ಹತ್ತಿಕೊಳ್ಳಬೇಕಾದರೆ ಅದರೊಳಗಿನ ಶಾಖ 100 ಡಿಗ್ರಿಯನ್ನು ಎಷ್ಟೋ ದಾಟಿರಬೇಕು. ಬರೀ ಬಿಸಿಲು ಅಲ್ಲಿಗೆ ಮುಟ್ಟಿಸಲ್ಲ. ರಾಯಚೂರಿನ ಏಪ್ರಿಲ್, ಮೇ ನೋಡಿದ ಕಾರು ಅದು, ಅಲ್ವಾ? ನಿಮ್ಮ ಗಾಡಿಯಲ್ಲಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಇದ್ದರೆ ಇನ್ನೂ ನಿಶ್ಚಿಂತೆ. ಅದು ಬಿಸಿಯನ್ನು ಬೇರೆ ಜಾತಿಯ ಸೆಲ್‌ಗಳಿಗಿಂತ ಚೆನ್ನಾಗಿ ತಡೆಯುತ್ತದೆ. ಅಪ್ಪನವರಿಗೆ ನಿಜವಾಗಿ ಹೇಳಬೇಕಾದ ಅಪಾಯ ಬೇರೆ: ಕಾರಿನ ಹೊಟ್ಟೆ ಕೆಳಗೇ ಬ್ಯಾಟರಿ ಇದೆ, ದಾರಿ ಬಿಟ್ಟು ಇಳಿದಾಗ ಕಲ್ಲಿಗೋ ದಿಬ್ಬಕ್ಕೋ ಅದು ಜೋರಾಗಿ ಬಡಿದರೆ ಸುಮ್ನೆ ಮುಂದೆ ಓಡಿಸಬೇಡಿ. ನಿಲ್ಲಿಸಿ, ಬಗ್ಗಿ ನೋಡಿ. ಕವಚ ಒಳಗೆ ತಗ್ಗಾಗಿದ್ದರೆ ಚಾರ್ಜಿಗೆ ಹಾಕುವ ಮುಂಚೆ ಸರ್ವಿಸಿನವರಿಗೆ ತೋರಿಸಲೇಬೇಕು.

ಬಿಸಿಲು ಮಾಡುವ ತೊಂದರೆ ಎರಡೇ. ಮಧ್ಯಾಹ್ನ ಎರಡು ಗಂಟೆಗೆ ಹೆದ್ದಾರಿಯಲ್ಲಿ ಬಿಸಿಯಾಗಿ ಬಂದ ಕಾರನ್ನು ಫಾಸ್ಟ್ ಚಾರ್ಜರಿಗೆ ಚುಚ್ಚಿದರೆ, ಬ್ಯಾಟರಿಯನ್ನು ಕಾಪಾಡೋಕೆ ಕಾರೇ ಕರೆಂಟ್ ತಗೊಳ್ಳೋದನ್ನು ಕಡಿಮೆ ಮಾಡುತ್ತದೆ. ಮುಕ್ಕಾಲು ಗಂಟೆಯ ಕೆಲಸ ಒಂದೂವರೆ ಗಂಟೆ ಆಗಬಹುದು. ಚಾರ್ಜರ್ ಕೆಟ್ಟಿದೆ ಅಂತ ಅಲ್ಲಿದ್ದವರ ಮೇಲೆ ಕೂಗಾಡೋಕೆ ಹೋಗಬೇಡಿ. ಬೆಳಿಗ್ಗೆ ಅಥವಾ ಸಂಜೆ ಹಾಕಿದರೆ ಅದೇ ಚಾರ್ಜರ್ ಚುರುಕಾಗಿ ತುಂಬಿಸುತ್ತದೆ. ಎರಡನೆಯದು, 100ಕ್ಕೆ ತುಂಬಿಸಿದ ಕಾರನ್ನು ದಿನಗಟ್ಟಲೆ ಉರಿಬಿಸಿಲಲ್ಲಿ ನಿಲ್ಲಿಸಿದರೆ ಬ್ಯಾಟರಿಗೆ ಬೇಗ ವಯಸ್ಸಾಗುತ್ತದೆ. ರಾತ್ರಿ ತುಂಬಿಸಿ ಬೆಳಿಗ್ಗೆ ಹೊರಟುಬಿಡುವವರಿಗೆ ಇದು ಚಿಂತೆಯೇ ಅಲ್ಲ.

ಹಾಗಾದರೆ ರೇಂಜ್, ಅಂದರೆ ಒಂದು ಸಲ ತುಂಬಿಸಿದರೆ ಓಡುವ ದೂರ, ಅದನ್ನು ತಿನ್ನೋದು ಯಾವುದು? ವೇಗ ಮತ್ತು ಗಾಳಿ. ನಿಮ್ಮಂಥ ಕಾರು 80ರಲ್ಲಿ ಹೋದರೆ 100 ಕಿಲೋಮೀಟರಿಗೆ ಅಂದಾಜು 14 ಯೂನಿಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. 100ರಲ್ಲಿ 17ರ ಹತ್ತಿರ, 120ಕ್ಕೆ ಹೋದರೆ 20 ದಾಟುತ್ತದೆ. ಅಂದರೆ 300 ಕಿಲೋಮೀಟರ್ ಬರುವ ಕಾರು 220ಕ್ಕೆ ಸುಸ್ತು. ರಾಜಸ್ಥಾನದ ರಸ್ತೆಗಳು ನೇರ, ಖಾಲಿ, ಕಾಲು ತಾನಾಗಿಯೇ ಒತ್ತುತ್ತದೆ. ಎದುರುಗಾಳಿಯೂ ವೇಗದ ಹಾಗೇ ಲೆಕ್ಕ. ನೀವು 80ರಲ್ಲಿದ್ದು ಎದುರಿನಿಂದ 25ರ ಗಾಳಿ ಬಂದರೆ ಕಾರಿಗೆ ಅದು 105ರ ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರೋದರಿಂದ ಆ ತಡೆಯೊಂದೇ ಶೇ. 70ರಷ್ಟು ಜಾಸ್ತಿಯಾಗುತ್ತದೆ. ಸ್ಪೀಡೋಮೀಟರಲ್ಲಿ ಇದು ಕಾಣಲ್ಲ. ಜೈಸಲ್ಮೇರ್ ಸುತ್ತಮುತ್ತ ಅಷ್ಟೊಂದು ಗಾಳಿಯಂತ್ರ ನೆಟ್ಟಿದ್ದಾರಲ್ಲ, ಸುಮ್ನೆ ನೆಟ್ಟಿಲ್ಲ. ನಮ್ಮ ಕೊಪ್ಪಳ, ಕುಷ್ಟಗಿ ಕಡೆ ಆಷಾಢದ ಗಾಳಿಗೆ ಎದುರಾಗಿ ಓಡಿಸಿ ನೋಡಿದ್ದರೆ ನಿಮಗೇ ಗೊತ್ತಿರುತ್ತದೆ.

ಎ.ಸಿ. ಬಗ್ಗೆ ಎಲ್ಲರೂ ಕೇಳುತ್ತಾರೆ. ಕಾರಿನ ಒಳಗೆ ತಣ್ಣಗಾದ ಮೇಲೆ ಅದು ಗಂಟೆಗೆ ಒಂದರಿಂದ ಒಂದೂವರೆ ಯೂನಿಟ್ ತಿನ್ನಬಹುದು. ನೆನಪಿಡಬೇಕಾದ್ದು ಏನೆಂದರೆ, ಎ.ಸಿ. ಗಂಟೆ ಲೆಕ್ಕದಲ್ಲಿ ತಿನ್ನುತ್ತದೆ, ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ. ಹೆದ್ದಾರಿಯಲ್ಲಿ ಒಂದು ಗಂಟೆಗೆ 80 ಕಿಲೋಮೀಟರ್ ದಾಟುವಾಗ ಆ ಒಂದು ಯೂನಿಟ್ ಏನೂ ಅಲ್ಲ. ಕಿತ್ತುಹೋದ ರಸ್ತೆಯಲ್ಲಿ 20ರಲ್ಲಿ ತೆವಳುವಾಗ, ಅಥವಾ ಫೋಟೋ ತೆಗೆಯೋಕೆ ಅಂತ ಅರ್ಧ ಗಂಟೆ ಎ.ಸಿ. ಹಾಕಿಕೊಂಡೇ ನಿಂತಾಗ ಅದು ಎದ್ದು ಕಾಣುತ್ತದೆ. ಸೆಕೆಯಲ್ಲಿ ಬೇಯುತ್ತಾ ಎ.ಸಿ. ಆರಿಸಿ ಓಡಿಸೋ ಹಟ ಬೇಡ. ಅದರ ಬದಲು ವೇಗ 90ರಿಂದ 80ಕ್ಕೆ ಇಳಿಸಿ, ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಯಾವಾಗ ಹೋಗಬೇಕು ಅಂತ ನೀವು ಬರೆದಿಲ್ಲ. ನವೆಂಬರಿಂದ ಫೆಬ್ರವರಿ ಒಳಗೆ ಹೋಗಿ. ಆಗ ಸಮಸ್ಯೆ ಉಲ್ಟಾ ಆಗುತ್ತದೆ. ಜನವರಿ ರಾತ್ರಿ ಜೈಸಲ್ಮೇರಲ್ಲಿ ತಾಪಮಾನ ಹತ್ತಕ್ಕಿಂತ ಕೆಳಗೆ ಇಳಿಯುತ್ತದೆ. ನಮ್ಮ ಬಿಸಿಲುನಾಡಿನವರಿಗೆ ಕಾರಲ್ಲಿ ಹೀಟರ್ ಬಟನ್ ಎಲ್ಲಿದೆ ಅಂತಾನೇ ಗೊತ್ತಿರಲ್ಲ. ಹೀಟರ್ ಎ.ಸಿ.ಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ, ಯಾಕೆಂದರೆ ಬಿಸಿ ಕೊಡಲು ಎಂಜಿನ್ ಇಲ್ಲ, ಶಾಖವನ್ನೂ ಬ್ಯಾಟರಿಯಿಂದಲೇ ಮಾಡಬೇಕು. ತಣ್ಣಗಿರುವ ಬ್ಯಾಟರಿ ಬೆಳಿಗ್ಗೆ ನಿಧಾನವಾಗಿ ಚಾರ್ಜ್ ತಗೊಳ್ಳುತ್ತದೆ, ಬ್ರೇಕ್ ಹಾಕಿದಾಗ ವಾಪಸ್ ಬರಬೇಕಾದ ಕರೆಂಟೂ ಕಡಿಮೆ ಬರುತ್ತದೆ. ಸ್ವೆಟರ್ ಹಾಕಿಕೊಳ್ಳಿ, ಬಿಸಿಲೇರಿದ ಮೇಲೆ ಎಲ್ಲ ಸರಿಹೋಗುತ್ತದೆ.

ದಾರಿ ಬಗ್ಗೆ ಹೆಚ್ಚು ಹೇಳಲ್ಲ. ಸಿಂಧನೂರಿಂದ ಜೈಸಲ್ಮೇರಿಗೆ ಒಂದು ಕಡೆಗೆ ಸುಮಾರು 1,800 ಕಿಲೋಮೀಟರ್. ವಿಜಯಪುರ, ಸೊಲ್ಲಾಪುರ, ಪುಣೆ, ಸೂರತ್, ಅಹಮದಾಬಾದ್ ವರೆಗೆ ಹೆದ್ದಾರಿ, ಚಾರ್ಜರ್ ಇವೆ, ಊಟಕ್ಕೆ ನಿಂತಾಗ ಹಾಕಿ. ಬ್ಯಾಟರಿ ಶೇ. 80ಕ್ಕೆ ಬಂದರೆ ತೆಗೆದು ಹೊರಡಿ, ಅಲ್ಲಿಂದಾಚೆ ತುಂಬೋದು ತೀರಾ ನಿಧಾನ. ದಾರಿಯ ಫಾಸ್ಟ್ ಚಾರ್ಜರ್‌ಗಳಲ್ಲಿ ಯೂನಿಟ್‌ಗೆ ಸಾಮಾನ್ಯವಾಗಿ 18ರಿಂದ 25 ರೂಪಾಯಿ ಬೀಳುತ್ತದೆ, ಮನೆ ಮೀಟರಿನ ದರ ಅಲ್ಲ. ಅದನ್ನು ತಿಳಿದೇ ಖರ್ಚು ಹಂಚಿಕೊಳ್ಳಿ, ಆಮೇಲೆ ಗೆಳೆಯರಲ್ಲಿ ಜಗಳ ಬೇಡ. ನಿಜವಾದ ಮರಳುಗಾಡು ಶುರುವಾಗೋದು ಗುಜರಾತ್ ಗಡಿ ದಾಟಿ, ಸಾಂಚೋರ್ ಬಿಟ್ಟ ಮೇಲೆ. ಬಾರ್ಮೇರಿಂದ ಜೈಸಲ್ಮೇರಿಗೆ 150 ಕಿಲೋಮೀಟರಿನ ಮೇಲಿದೆ, ಜೋಧಪುರದಿಂದ ಬಂದರೆ 280ರ ಆಸುಪಾಸು. ಇಲ್ಲಿಂದ ಮುಂದೆ ನಿಯಮ ಬದಲಾಗುತ್ತದೆ.

ನಿಯಮ ಇಷ್ಟೇ: ಮುಂದಿನ ಚಾರ್ಜರ್ ಕೆಟ್ಟಿದೆ ಅಂದುಕೊಂಡೇ ಹೊರಡಿ. ಮುಂದಿನದು ಕೈಕೊಟ್ಟರೆ ಹಿಂದಿನದಕ್ಕೆ ವಾಪಸ್ ಬರುವಷ್ಟು, ಇಲ್ಲವೇ ಅದರಾಚೆಯದಕ್ಕೆ ಮುಟ್ಟುವಷ್ಟು ಬ್ಯಾಟರಿಯಲ್ಲಿ ಇರಬೇಕು. ಆ್ಯಪಿನಲ್ಲಿ ಹಸಿರು ಚುಕ್ಕೆ ಇದೆ ಅಂದ ಮಾತ್ರಕ್ಕೆ ಅಲ್ಲಿ ಕರೆಂಟ್ ಇದೆ ಅಂತಲ್ಲ. ಗೇಟಿಗೆ ಬೀಗ ಹಾಕಿರಬಹುದು, ಗನ್ (ಕಾರಿಗೆ ಚುಚ್ಚುವ ಹಿಡಿ) ಕೆಟ್ಟಿರಬಹುದು, ಮುಂದೆ ಲಾರಿ ನಿಲ್ಲಿಸಿ ಡ್ರೈವರ್ ಮಲಗಿರಬಹುದು. ಹೊರಡುವ ಮುಂಚೆ ಫೋನ್ ಮಾಡಿ ಕೇಳಿ, ಇವತ್ತು ಬೆಳಿಗ್ಗೆ ಯಾರಾದರೂ ಚಾರ್ಜ್ ಮಾಡಿದ್ದಾರಾ ಅಂತ ಕೇಳಿ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಜೈಸಲ್ಮೇರ್ ನೋಡಿದವರೆಲ್ಲ ತನೋಟ್ ಮಾತಾ ಗುಡಿಗೆ ಹೋಗುತ್ತಾರೆ. ಪಾಕಿಸ್ತಾನದ ಗಡಿ ಹತ್ತಿರ, ಒಂದು ಕಡೆಗೆ ಸುಮಾರು 120 ಕಿಲೋಮೀಟರ್. ಹೋಗಿ ಬರೋಕೆ 240. ಮಧ್ಯದಲ್ಲಿ ಚಾರ್ಜರ್ ಸಿಗುತ್ತೆ ಅಂತ ಲೆಕ್ಕಕ್ಕೇ ಹಿಡಿಯಬೇಡಿ. ರಾತ್ರಿ ಪೂರ್ತಿ 100 ತುಂಬಿಸಿ. ಎಲ್‌ಎಫ್‌ಪಿ ಬ್ಯಾಟರಿಯಲ್ಲಿ ಪೂರ್ತಿ ತುಂಬಿಸಿದಾಗಲೇ ಪರ್ಸೆಂಟೇಜ್ ಸರಿಯಾಗಿ ತೋರಿಸುತ್ತದೆ, ಇಲ್ಲದಿದ್ದರೆ ಕೊನೆಕೊನೆಗೆ 15 ಇದ್ದದ್ದು ಪಟ್ಟನೆ 8 ಆಗಿಬಿಡಬಹುದು. ಬೆಳಿಗ್ಗೆ 80ರ ಮೇಲೆ ಹೋಗದೆ ಹೊರಡಿ. ಅರ್ಧ ದಾರಿಗೆ ರಾಮ್‌ಗಢ ಅನ್ನೋ ಊರು ಬರುತ್ತದೆ, ಅಲ್ಲಿಗೆ ಇಡೀ ಪ್ರಯಾಣದ ಕಾಲು ಭಾಗ ಮುಗಿದಿರುತ್ತದೆ. ಚಹಾ ಕುಡಿಯುತ್ತಾ ಪರ್ಸೆಂಟೇಜ್ ನೋಡಿ. 80 ಇದ್ದರೆ ಜೈಸಲ್ಮೇರಿಗೆ ಮರಳುವಾಗ 20 ಉಳಿಯುತ್ತದೆ, ಹೋಗಿ. 75 ಇದ್ದರೆ ಸೊನ್ನೆಗೆ ಬಂದು ನಿಲ್ಲುತ್ತೀರಿ, ಅಲ್ಲಿಂದಲೇ ತಿರುಗಿಸಿ. ನಡುವೆ ಇದ್ದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಕೆಳಗಿಳಿದು ನೋಡಿ. ಹೋಗುವಾಗ ಎದುರುಗಾಳಿ ಇದ್ದರೆ ಬರುವಾಗ ಅದು ಬೆನ್ನಿಗೆ, ಆಗ ಹೋಗಬಹುದು. ಬೆನ್ನಿಗೆ ಗಾಳಿ ಇದ್ದೂ 77ಕ್ಕೆ ಬಂದಿದ್ದರೆ ಬೇಡ. ಸ್ಕ್ರೀನಲ್ಲಿ ಇನ್ನೂ 260 ಕಿಲೋಮೀಟರ್ ಹೋಗಬಹುದು ಅಂತ ತೋರಿಸೋದನ್ನು ನಂಬಬೇಡಿ. ಅದು ನೀವು ಈವರೆಗೆ ಓಡಿಸಿದ್ದನ್ನು ನೋಡಿ ಹೇಳುತ್ತೆ, ಮುಂದಿನ ಗಾಳಿ ಅದಕ್ಕೆ ಗೊತ್ತಿಲ್ಲ.

ಈಗ ಮುಖ್ಯ ವಿಷಯ, ಪ್ಲಗ್ಗು. ಪ್ಲಾನ್ ಇಲ್ಲದ ಪ್ರಯಾಣವನ್ನು ಉಳಿಸೋದು ಫಾಸ್ಟ್ ಚಾರ್ಜರ್ ಅಲ್ಲ, ಕಾರಿನ ಜೊತೆ ಕೊಟ್ಟಿರುವ ಆ 15 ಆ್ಯಂಪ್ ಪ್ಲಗ್ಗಿನ ಚಾರ್ಜರ್. ಯಾವ ಧಾಬಾ, ಯಾವ ಧರ್ಮಶಾಲೆಯಲ್ಲಾದರೂ ಗೀಸರ್ ಹಾಕೋ ದೊಡ್ಡ ಸಾಕೆಟ್ ಒಂದು ಇದ್ದೇ ಇರುತ್ತದೆ. 10 ಆ್ಯಂಪಿಗೆ ಇಟ್ಟರೆ ಗಂಟೆಗೆ ಸುಮಾರು ಎರಡು ಯೂನಿಟ್. ರಾತ್ರಿ ಒಂಬತ್ತು ಗಂಟೆ ನಿದ್ದೆಯಲ್ಲಿ 18 ಯೂನಿಟ್, ಅಂದರೆ 120 ಕಿಲೋಮೀಟರ್ ಓಡುವಷ್ಟು. ಜೈಸಲ್ಮೇರಿಂದ ಸಮ್ ಮರಳುದಿಬ್ಬಗಳಿಗೆ ಹೋಗಿ ಬರೋಕೆ 90 ಸಾಕು. ಆಗಲೇ ಲೆಕ್ಕ ಮುಗಿಯಿತಲ್ಲ? ಎಷ್ಟು ಯೂನಿಟ್ ತಗೊಂಡಿರಿ ಅಂತ ಕಾರೇ ತೋರಿಸುತ್ತದೆ, ಯಜಮಾನರಿಗೆ ಮೊದಲೇ ಹೇಳಿ ದುಡ್ಡು ಕೊಟ್ಟುಬಿಡಿ.

ಆದರೆ ಚುಚ್ಚಿದ ತಕ್ಷಣ ಕೆಂಪು ಲೈಟ್ ಬರುವ ಸಾಧ್ಯತೆ ಜಾಸ್ತಿ. ಕಾರಣ ಅರ್ಥಿಂಗ್. ನೆಲದೊಳಗೆ ತೇವ ಇದ್ದರೆ ಮಾತ್ರ ಅರ್ಥಿಂಗ್ ಕೆಲಸ ಮಾಡೋದು. ಒಣಗಿದ ಮರಳಲ್ಲಿ ಕರೆಂಟ್ ಹರಿಯಲ್ಲ. ಕಾರಿನ ಚಾರ್ಜರ್ ಮೊದಲು ಅರ್ಥ್ ಸರಿಯಿದೆಯಾ ಅಂತ ಪರೀಕ್ಷೆ ಮಾಡಿಕೊಂಡೇ ಕರೆಂಟ್ ಬಿಡುತ್ತದೆ. ನಮ್ಮ ಕಡೆಯೂ ಬೇಸಿಗೆಯಲ್ಲಿ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಪಕ್ಕದ ಅರ್ಥಿಂಗ್ ಗುಂಡಿಗೆ ಕೊಡಗಟ್ಟಲೆ ನೀರು ಹಾಕೋದನ್ನು ನೀವು ನೋಡಿರುತ್ತೀರಿ. ಅಲ್ಲೂ ಅದೇ ಮದ್ದು. ಯಜಮಾನರನ್ನು ಕೇಳಿ, ಗುಂಡಿ ಎಲ್ಲಿದೆ ನೋಡಿ, ಎರಡು ಕೊಡ ನೀರು ಸುರಿದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುಚ್ಚಿ. ನೀರು ದುಬಾರಿಯಾದ ಊರಲ್ಲಿ ಬಳಸಿದ ನೀರನ್ನೇ ಕೇಳಿ, ಕುಡಿಯೋ ನೀರು ಸುರಿಯಬೇಡಿ. ಕೆಲವರು ನ್ಯೂಟ್ರಲ್ಲಿಗೂ ಅರ್ಥಿಗೂ ಒಳಗೇ ತಂತಿ ಸೇರಿಸಿದ ಪ್ಲಗ್ ಮಾರುತ್ತಾರೆ, ಕೆಂಪು ಲೈಟ್ ಹೋಗುತ್ತದೆ ಅಂತ. ಅದನ್ನು ಮುಟ್ಟಲೇಬೇಡಿ. ಹಳ್ಳಿಯ ವೈರಿಂಗಲ್ಲಿ ಫೇಸು, ನ್ಯೂಟ್ರಲ್ಲು ಅದಲುಬದಲಾಗಿದ್ದರೆ ಇಡೀ ಕಾರಿನ ಮೈಗೇ 230 ವೋಲ್ಟ್ ಬರುತ್ತದೆ. ಚಪ್ಪಲಿ ಇಲ್ಲದೆ ಬಾಗಿಲು ತೆಗೆದವರ ಗತಿ ಯೋಚಿಸಿ.

ಸಾಕೆಟ್ ಹಳೆಯದಾಗಿದ್ದರೆ 15 ಆ್ಯಂಪ್ ಎಳೆಯೋಕೆ ಹೋಗಬೇಡಿ. ಅರ್ಧ ಗಂಟೆ ಬಿಟ್ಟು ಪ್ಲಗ್ ಮೇಲೆ ಕೈಯಿಟ್ಟು ನೋಡಿ, ಕೈ ಇಡೋಕಾಗದಷ್ಟು ಬಿಸಿ ಇದ್ದರೆ ಆರಿಸಿ, ಬೇರೆ ಸಾಕೆಟ್ ಹುಡುಕಿ. ಎಕ್ಸ್‌ಟೆನ್ಷನ್ ಬೇಕೇ ಬೇಕು, ಯಾಕೆಂದರೆ ಸಾಕೆಟ್ ಅಡುಗೆಮನೆಯಲ್ಲಿ, ಕಾರು ಬೀದಿಯಲ್ಲಿ. ಅಂಗಡಿಯ ತೆಳ್ಳನೆ ವೈರ್ ಬೇಡ, 4 ಸ್ಕ್ವೇರ್ ಎಂಎಂ ತಾಮ್ರದ ಮೂರು ಕೋರ್ ಕೇಬಲ್ ತಗೊಂಡು ಬಳ್ಳಾರಿಯಲ್ಲೋ ಸಿಂಧನೂರಲ್ಲೋ ಒಳ್ಳೆ ಎಲೆಕ್ಟ್ರಿಷಿಯನ್ ಹತ್ತಿರ ಎರಡೂ ತುದಿ ಕಟ್ಟಿಸಿಕೊಳ್ಳಿ. ಬಳಸುವಾಗ ಪೂರ್ತಿ ಬಿಚ್ಚಿ ಹರಡಿ. ಸುರುಳಿ ಸುತ್ತಿದ ಕೇಬಲಲ್ಲಿ ಶಾಖ ಹೊರಗೆ ಹೋಗದೆ ಅದೇ ಕರಗಬಹುದು. ಲೈನಿನ ಕೊನೆಯ ಮನೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿದಿದ್ದರೆ ಚಾರ್ಜ್ ನಿಧಾನ, ಕೆಲವೊಮ್ಮೆ ನಿಂತೇ ಹೋಗುತ್ತದೆ. ರಾತ್ರಿ ಹನ್ನೊಂದರ ಮೇಲೆ ಊರು ಮಲಗಿದಾಗ ವೋಲ್ಟೇಜ್ ಏರುತ್ತದೆ, ಒಮ್ಮೆ ಎದ್ದು ಹೋಗಿ ನೋಡಿ ಬನ್ನಿ. ಮರಳಿನ ಟೆಂಟ್ ಕ್ಯಾಂಪ್‌ಗಳಲ್ಲಿ ಉಳಿಯೋದಾದರೆ ದುಡ್ಡು ಕೊಡುವ ಮುಂಚೆ ಒಂದೇ ಪ್ರಶ್ನೆ: ಇಲ್ಲಿ ಲೈನ್ ಕರೆಂಟ್ ಇದೆಯಾ, ಜನರೇಟರಾ?

ಇನ್ನೊಂದು, ಫಾಸ್ಟ್ ಚಾರ್ಜರ್ ಶುರುವಾಗೋಕೆ ಹೆಚ್ಚಿನ ಕಡೆ ನಿಮ್ಮ ಮೊಬೈಲಿಗೂ ಚಾರ್ಜರಿಗೂ ನೆಟ್‌ವರ್ಕ್ ಬೇಕು. ಗಡಿ ಕಡೆ ಅದು ನಂಬಿಕೆಯದ್ದಲ್ಲ. ಎರಡು ಮೂರು ಕಂಪನಿಗಳ ಆ್ಯಪಲ್ಲಿ ಊರಲ್ಲಿದ್ದಾಗಲೇ ಹೆಸರು ನೋಂದಾಯಿಸಿ ಸ್ವಲ್ಪ ದುಡ್ಡು ಹಾಕಿಟ್ಟುಕೊಳ್ಳಿ, ಮುಟ್ಟಿಸಿ ಶುರು ಮಾಡೋ ಕಾರ್ಡ್ ಕೊಟ್ಟರೆ ತಗೊಳ್ಳಿ. ಗೆಳೆಯರಲ್ಲಿ ಬೇರೆ ಬೇರೆ ಕಂಪನಿಯ ಸಿಮ್ ಇರಲಿ.

ಮರಳಿಗೆ ಇಳಿಸಬೇಡಿ ಅಂದರೆ ನೀವು ಕೇಳಲ್ಲ ಅಂತ ಗೊತ್ತು. ನಾಲ್ವರು ಗೆಳೆಯರು, ಮುಂದೆ ದಿಬ್ಬ, ಯಾರೋ ಒಬ್ಬ ಹಾಕೋ ಅಂತಾನೆ. ನಿಮ್ಮ ಕಾರಿನ ತೂಕ ಒಂದೂವರೆ ಟನ್ ಹತ್ತಿರ, ಎಳೆಯೋದು ಮುಂದಿನ ಎರಡೇ ಚಕ್ರ, ಮೋಟಾರು ಒತ್ತಿದ ಕ್ಷಣಕ್ಕೇ ಪೂರ್ತಿ ಬಲ ಕೊಡುತ್ತದೆ. ರಸ್ತೆಯಲ್ಲಿ ಮಜಾ ಕೊಡುವ ಅದೇ ಬಲ ಮರಳಲ್ಲಿ ಗುಂಡಿ ತೋಡುತ್ತದೆ. ಹೂತುಹೋದರೆ ಇನ್ನೂ ಒತ್ತಬೇಡಿ, ಬ್ಯಾಟರಿಯ ಹೊಟ್ಟೆ ಮರಳಿನ ಮೇಲೆ ಕೂತರೆ ಟ್ರ್ಯಾಕ್ಟರೇ ಗತಿ. ನಾಲ್ಕೂ ಟೈರಿನ ಗಾಳಿ 20ರ ಹತ್ತಿರಕ್ಕೆ ಇಳಿಸಿ, ಚಕ್ರದ ಹಿಂದಿನ ಮರಳು ಕೈಯಿಂದ ಸರಿಸಿ, ಇಕೋ ಮೋಡಲ್ಲಿ ಮೆಲ್ಲಗೆ ಹಿಂದಕ್ಕೆ, ಬಂದ ಜಾಡಿನ ಮೇಲೇ ತನ್ನಿ. ರಸ್ತೆಗೆ ಬಂದ ಮೇಲೆ ಗಾಳಿ ತುಂಬಿಸದೆ ಓಡಿಸಬಾರದು, ಅದಕ್ಕೇ 12 ವೋಲ್ಟಿನ ಸಣ್ಣ ಪಂಪ್ ಇರಲಿ. ಪಂಕ್ಚರ್ ಸಾಮಾನೂ ಇರಲಿ. ನಮ್ಮ ಬಳ್ಳಾರಿ ಜಾಲಿ ಅಲ್ಲೂ ರಸ್ತೆ ಪಕ್ಕ ಹೇರಳವಾಗಿದೆ, ಮುಳ್ಳು ಅದೇ. ಮರಳಿಂದ ಹತ್ತಿಪ್ಪತ್ತು ಅಡಿ ಎಳೆಸಿಕೊಳ್ಳೋದು ಸರಿ, ಆದರೆ ಕೆಟ್ಟು ನಿಂತ ಕಾರನ್ನು ಹಗ್ಗ ಕಟ್ಟಿ ಊರವರೆಗೆ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟಾರೂ ತಿರುಗಿ ಕರೆಂಟ್ ಹುಟ್ಟುತ್ತದೆ, ಅದು ಸರ್ಕ್ಯೂಟನ್ನೇ ಸುಡಬಹುದು. ಲಾರಿ ಮೇಲೆ ಹೇರಿಕೊಂಡೇ ಹೋಗಬೇಕು. ಕತ್ತಲಾದ ಮೇಲೆ ಓಡಿಸಬೇಡಿ. ಒಂಟೆ, ನೀಲ್‌ಗಾಯ್ ರಸ್ತೆ ಮೇಲೆ ನಿಂತಿರುತ್ತವೆ.

ಹೊರಡುವ ಮುಂಚೆ ಒಂದು ಭಾನುವಾರ ಊರ ಸುತ್ತಲೇ ಪರೀಕ್ಷೆ ಮಾಡಿ. ಸಿಂಧನೂರು, ಮಸ್ಕಿ, ಲಿಂಗಸೂಗೂರು, ಮುದಗಲ್, ಕುಷ್ಟಗಿ, ಹೊಸಪೇಟೆ, ಬಳ್ಳಾರಿ, ಸಿರುಗುಪ್ಪ, ಮತ್ತೆ ಸಿಂಧನೂರು. 300 ಕಿಲೋಮೀಟರ್ ದಾಟುತ್ತದೆ. ನಾಲ್ವರೂ ಕೂತು, ಲಗೇಜ್ ಹಾಕಿ, ಎ.ಸಿ. ಹಾಕಿ. ಒಂದು ತುಂಡು 80ರಲ್ಲಿ, ಒಂದು ತುಂಡು 100ರಲ್ಲಿ ಓಡಿಸಿ 100 ಕಿಲೋಮೀಟರಿಗೆ ಎಷ್ಟು ಯೂನಿಟ್ ಅಂತ ಬರೆದುಕೊಳ್ಳಿ. ನಾನು ಮೇಲೆ ಕೊಟ್ಟದ್ದು ಅಂದಾಜು, ನಿಮ್ಮ ಕಾರಿನ ಅಂಕಿ ನಿಮಗೇ ಸಿಗಬೇಕು. ರಾಮ್‌ಗಢದಲ್ಲಿ ಹೋಗೋದಾ ತಿರುಗೋದಾ ಅಂತ ಹೇಳೋದು ಆ ಅಂಕಿಯೇ.

ಜನರೇಟರ್ ಬೇಡ. ಕೈಯಲ್ಲಿ ಎತ್ತಬಹುದಾದ ಎರಡು ಕಿಲೋವ್ಯಾಟಿನದು ಗಂಟೆಗೆ 12, 13 ಕಿಲೋಮೀಟರ್ ಓಡುವಷ್ಟು ಕರೆಂಟ್ ಕೊಟ್ಟರೆ ಹೆಚ್ಚು. ಸಣ್ಣ ಜನರೇಟರಲ್ಲಿ ನ್ಯೂಟ್ರಲ್ಲಿಗೆ ಅರ್ಥಿನ ಸಂಬಂಧ ಇರಲ್ಲ, ಆದ್ದರಿಂದ ನಿಮ್ಮ ಚಾರ್ಜರ್ ಅದನ್ನು ಒಪ್ಪೋದೇ ಕಷ್ಟ. ಮೇಲೆ ಡಿಕ್ಕಿಯಲ್ಲಿ ಪೆಟ್ರೋಲ್ ಕ್ಯಾನ್ ಇಟ್ಟುಕೊಂಡು ಬಿಸಿಲಲ್ಲಿ ಓಡಾಡಬೇಕು. ಅಪ್ಪನವರು ಹೆದರಬೇಕಾದ್ದು ಅದಕ್ಕೆ. ಹಾಗೆ ನೋಡಿದರೆ ಈ ಯೋಚನೆ ನಿಮಗೊಬ್ಬರಿಗೇ ಬಂದದ್ದಲ್ಲ. 2024ರಲ್ಲಿ ಸೌದಿ ಅರೇಬಿಯಾದ ಮರಳುಗಾಡಲ್ಲಿ ನಡೆದ ಡಕಾರ್ ರ‍್ಯಾಲಿ ಗೆದ್ದ ಆಡಿ ಕಾರಿನ ಚಕ್ರ ತಿರುಗಿಸಿದ್ದು ಎಲೆಕ್ಟ್ರಿಕ್ ಮೋಟಾರು, ಬ್ಯಾಟರಿ ತುಂಬಿಸೋಕೆ ಮಾತ್ರ ಒಳಗೆ ಒಂದು ಎಂಜಿನ್ ಇತ್ತು. ಆದರೆ ಅದನ್ನು ಕಾರಿನ ಭಾಗವಾಗಿಯೇ ಕಟ್ಟಿದ್ದರು, ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗಿರಲಿಲ್ಲ. ಜನರೇಟರಿಗೆ ಹಾಕೋ ದುಡ್ಡಲ್ಲಿ ಕೇಬಲ್, ಪಂಪ್, ಒಂದು ಒಳ್ಳೆ ಟೆಸ್ಟರ್ ತಗೊಳ್ಳಿ, ಉಳಿದದ್ದು ಚಾರ್ಜಿಂಗಿಗೆ ಇರಲಿ.